ಒಂದು ಚೂರು ಹೆಪ್ಪು ಇದೆಯಾ?

ಎಂಎಸ್ಸಿಯಲ್ಲಿ ನನ್ನ ಪಾಲಿಗೆ ಬಂದ ಪ್ರಯೋಗ ಕೇಳೋಕೆ ಬಹಳ ಸುಲಭ. 1-ಫೀನೈಲ್‌ಈಥೈಲ್‌ಅಮೀನ್ ಅಂತ ಒಂದು ದ್ರವ, ಮೂಗಿಗೆ ಹಿಡಿದರೆ ಮೀನಿನ ನಾತ. ಅದರಲ್ಲಿ ಅರ್ಧ ಅಣುಗಳು ಎಡಗೈ ಆದರೆ ಇನ್ನರ್ಧ ಬಲಗೈ, ಒಂದರ ಕನ್ನಡಿ ಬಿಂಬ ಇನ್ನೊಂದು. ಎರಡನ್ನೂ ಬೇರೆ ಮಾಡಬೇಕು. ಆದರೆ ಕುದಿಯುವ ಬಿಸಿಯೂ ಒಂದೇ, ತೂಕವೂ ಒಂದೇ. ಎಲ್ಲಿ ಅಂತ ಹಿಡಿಯೋದು?

1848ರಲ್ಲಿ ಲೂಯಿ ಪಾಶ್ಚರ್ ಬೇರೊಂದು ಲವಣದ ಎಡ ಬಲ ಹರಳುಗಳನ್ನು ಚಿಮಟದಲ್ಲಿ ಒಂದೊಂದೇ ಆರಿಸಿದ್ದ, ನಮ್ಮಜ್ಜಿ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಆಮೇಲೆ ಅವನಿಗೂ ಸಾಕಾಯ್ತೇನೋ, 1853ರಲ್ಲಿ ಸಿಂಕೋನಾ ತೊಗಟೆಯ ಕ್ಷಾರದ ಜೊತೆ ಲವಣ ಮಾಡಿಸಿ ಬೇರ್ಪಡಿಸುವ ದಾರಿ ಕಂಡುಕೊಂಡ. ನಮ್ಮದೂ ಅದೇ ದಾರಿ. ಹುಣಸೆಹಣ್ಣಿನಲ್ಲಿರುವ ಟಾರ್ಟಾರಿಕ್ ಆಸಿಡ್ ಒಂದೇ ಕೈಯದು. ಬಲಗಾಲಿನ ಚಪ್ಪಲಿಯನ್ನು ಎರಡೂ ಕಾಲಿಗೆ ತುರುಕಬಹುದು, ಆದರೆ ಕೂರುವ ರೀತಿ ಬೇರೆ ಅಲ್ವಾ? ಹಾಗೇ ಇಲ್ಲೂ ಎರಡು ಲವಣ ಆಗುತ್ತವೆ. ಮೆಥನಾಲ್‌ನಲ್ಲಿ ಕಡಿಮೆ ಕರಗುವ ಲವಣ ಮೊದಲು ಹರಳಾಗಿ ತಳಕ್ಕೆ ಕೂರುತ್ತದೆ.

ಬಿಸಿ ದ್ರಾವಣವನ್ನು ನಿಧಾನವಾಗಿ, ರಾತ್ರಿಯಿಡೀ ತಣಿಯಲು ಬಿಡಿ ಅಂತ ಬರೆದಿತ್ತು. ನನಗೆ ನಾಲ್ಕೂವರೆ ಬಸ್ಸು. ಫ್ಲಾಸ್ಕನ್ನು ಐಸಿನಲ್ಲಿ ಇಟ್ಟೆ. ಐದೇ ನಿಮಿಷಕ್ಕೆ ಬೆಳ್ಳಗೆ ಸೂಜಿ ಸೂಜಿ ಹರಳು ತುಂಬಿಕೊಂಡಿತು. ಕುಣಿಯುತ್ತಾ ಹೋಗಿ ತೋರಿಸಿದರೆ ಮೇಡಂ ಕನ್ನಡಕ ಸರಿಮಾಡಿಕೊಂಡು, 'ಇದೇನಪ್ಪಾ, ಶ್ಯಾವಿಗೆ ಉಪ್ಪಿಟ್ಟಾ?' ಅಂದರು. ಸೂಜಿ ಬಂತು ಅಂದ್ರೆ ಎರಡೂ ಕೈ ಬೆರೆತಿದೆ ಅಂತ ಅರ್ಥ, ಬೇಕಾದ್ದು ದಪ್ಪ ಹರಳು. ನಾನು ಹಠ ಬಿಡಲಿಲ್ಲ. ಕಾಸ್ಟಿಕ್ ಸೋಡಾ ಹಾಕಿ ಅಮೀನ್ ಬಿಡಿಸಿ, ಈಥರ್‌ನಲ್ಲಿ ಎಳೆದು, ಬಟ್ಟಿ ಇಳಿಸಿ ಪೋಲಾರಿಮೀಟರ್‌ಗೆ ಹಾಕಿದೆ. ಧ್ರುವೀಕೃತ ಬೆಳಕನ್ನು ದ್ರವ ಎಷ್ಟು ಡಿಗ್ರಿ ತಿರುಗಿಸುತ್ತದೆ ಅಂತ ಅಳೆಯೋ ಯಂತ್ರ ಅದು, ಎಡಕ್ಕೆ ತಿರುಗಿದರೆ ಮೈನಸ್. ಶುದ್ಧ ಎಡ ಅಮೀನ್ ಆದರೆ ಸುಮಾರು ಮೈನಸ್ 40 ಡಿಗ್ರಿ ಬರಬೇಕು. ನನ್ನದು ಮೈನಸ್ 17. ಬಸ್ಸಿನಲ್ಲಿ ಆ ವಾಸನೆಗೆ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದದ್ದೊಂದೇ ಲಾಭ, ಕಾಲು ಚಾಚಿ ಕೂತೆ.

ಎರಡನೇ ಸಲ ಬುದ್ಧಿ ಬಂದಿತ್ತು. ದ್ರಾವಣ ಬಿಸಿ ಇದ್ದಾಗಲೇ ಪಕ್ಕದ ಬೆಂಚಿನ ಗೆಳತಿಯ ಹತ್ತಿರ ಹೋಗಿ, 'ನಿನ್ನ ಹರಳು ಒಂದು ಚೂರು ಹೆಪ್ಪಿಗೆ ಕೊಡೇ' ಅಂದೆ. ಒಳ್ಳೇ ಹರಳು ಒಂದೆರಡು ಬಿದ್ದರೆ ಉಳಿದದ್ದೂ ಅದೇ ರೂಪದಲ್ಲಿ ಕಟ್ಟಿಕೊಳ್ಳುತ್ತದೆ, ಮೊಸರಿನ ಹಾಗೇ. ಅವಳು ಕಿಟಕಿ ಕಡೆ ನೋಡಿದಳು. 'ಸಂಜೆ ಹೊತ್ತು ಉಪ್ಪೂ ಕೊಡಬಾರದು, ಹೆಪ್ಪೂ ಕೊಡಬಾರದು ಕಣೋ. ಇದು ಎರಡೂ ಹೌದಲ್ಲ?' ಕೊನೆಗೆ ಒಂದು ಕಾಫಿಗೆ ನಾಲ್ಕು ಕಾಳು ಸಿಕ್ಕಿತು.

ಬೆಳಿಗ್ಗೆ ನೋಡಿದರೆ ಫ್ಲಾಸ್ಕಿನ ತಳದಲ್ಲಿ ಕಲ್ಲುಸಕ್ಕರೆ ಹಾಗೆ ಮೂಲೆ ಮೂಲೆ ಇರುವ ಹರಳುಗಳು! ಸೋಸಿದೆ, ತೊಳೆದೆ, ಖುಷಿಯಲ್ಲಿ ಸೋಸಿ ಉಳಿದ ದ್ರಾವಣವನ್ನೆಲ್ಲಾ ತ್ಯಾಜ್ಯದ ಕ್ಯಾನಿಗೆ ಸುರಿದು ಫ್ಲಾಸ್ಕ್ ತೊಳೆದಿಟ್ಟೆ. ಆಮೇಲೆ ಪುಟ ತಿರುಗಿಸಿದೆ. ಮೊದಲ ಸಾಲೇ ಹೀಗಿತ್ತು: ಉಳಿದ ದ್ರಾವಣವನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಬಲಗೈ ಅಮೀನ್ ಅದರಲ್ಲಿದೆ.