ಚಾಡಿಗೂ ಒಂದು ಪೀರಿಯಡ್ ಕೊಡಿ

ರಾಮು ಸೇಬು ತಿನ್ನುತ್ತಿದ್ದಾನೆ. ತಿನ್ನುತ್ತಲೇ ‘ಐ ಆಮ್ ಈಟಿಂಗ್ ಆನ್ ಆಪಲ್’ ಅನ್ನುತ್ತಾನೆ. ಈ ಮಹಾಸುದ್ದಿಯನ್ನು ಇಂಗ್ಲಿಷ್ ಗ್ರಾಮರ್ ಪೀರಿಯಡ್ಡಿನಲ್ಲಿ ಮಕ್ಕಳು ಇನ್‌ಡೈರೆಕ್ಟ್ ಸ್ಪೀಚಿಗೆ, ಅಂದರೆ ಒಬ್ಬ ಆಡಿದ್ದನ್ನು ಇನ್ನೊಬ್ಬ ವರದಿ ಒಪ್ಪಿಸುವ ರೂಪಕ್ಕೆ, ತಿರುಗಿಸಬೇಕು: ‘ರಾಮು ಸೆಡ್ ದಟ್ ಹಿ ವಾಸ್ ಈಟಿಂಗ್ ಆನ್ ಆಪಲ್.’ ಯಾರಿಗೆ ಹೇಳಲಿಕ್ಕೆ? ಕಣ್ಣಿದ್ದವರಿಗೆ ಅದು ಕಾಣುವುದಿಲ್ಲವೇ? ಬಾಯಲ್ಲಿ ಸೇಬಿಟ್ಟುಕೊಂಡು ಅದನ್ನೇ ಸಾರುವವನಿಂದ ಸ್ವಲ್ಪ ದೂರ ಕೂರುವುದೇ ಮೇಲು. ಆದರೂ ಈ ಸಲದ ವರ್ಕ್‌ಶೀಟಿನಲ್ಲೂ ಒಂದನೇ ಪ್ರಶ್ನೆ ಅವನದೇ. ಸೇಬು ಇನ್ನೂ ಮುಗಿದಿಲ್ಲ.

ಅವನ ಹಿಂದೆಯೇ ‘ಅಲಾಸ್!’ ಬರುತ್ತದೆ, ‘ಹುರ್ರಾ!’ ಬರುತ್ತದೆ. ಮೊದಲನೆಯದಕ್ಕೆ ‘ಎಕ್ಸ್‌ಕ್ಲೇಮ್ಡ್ ವಿತ್ ಸಾರೋ’, ಎರಡನೆಯದಕ್ಕೆ ‘ಎಕ್ಸ್‌ಕ್ಲೇಮ್ಡ್ ವಿತ್ ಜಾಯ್’. ಮ್ಯಾಚ್ ಗೆದ್ದು ಕುಣಿಯುವವನು ಹುರ್ರಾ ಅಂದದ್ದನ್ನು ಯಾರೂ ಕೇಳಿರಲಿಕ್ಕಿಲ್ಲ. ಹಾಗೆ ಕೂಗಿದ ಅಂತ ‘ವಿತ್ ಜಾಯ್’ ಸೇರಿಸಿ ವರದಿ ಒಪ್ಪಿಸಿದವನಂತೂ ಪರೀಕ್ಷೆಯ ಹೊರಗೆ ಹುಟ್ಟಿಯೇ ಇಲ್ಲ.

ಸಿಟ್ಟು ಯಾಕೆಂದರೆ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಈ ವಿದ್ಯೆಯಲ್ಲಿ ತರಗತಿಯಲ್ಲಿರುವ ಎಲ್ಲರೂ ಆಗಲೇ ಪಳಗಿದವರು. ಚಾಡಿ, ಗುಸುಗುಸು, ‘ನಿನಗೊಂದು ವಿಷಯ ಗೊತ್ತಾ’ ಎಲ್ಲವೂ ರಿಪೋರ್ಟೆಡ್ ಸ್ಪೀಚೇ, ಅಂದರೆ ಅದೇ ಇನ್‌ಡೈರೆಕ್ಟ್ ಸ್ಪೀಚು. ಕನ್ನಡದಲ್ಲಿ ನಮಗೆ ‘ಅಂತ’ ಒಂದಿದ್ದರೆ ಸಾಕು. ‘ನಾನು ಬರ್ತೀನಿ ಅಂತ ಹೇಳಿದ’ ಅಂದರೆ ಆಡಿದ ಮಾತು ಮುಕ್ಕಾಗದೆ ಹಾಗೇ ದಾಟುತ್ತದೆ. ಇಂಗ್ಲಿಷಿನಲ್ಲಿ ‘ಐ’ ಹೋಗಿ ‘ಹಿ’ ಆಗಬೇಕು, ‘ವಿಲ್’ ಹೋಗಿ ‘ವುಡ್’ ಆಗಬೇಕು. ‘ಹಿ ಟೋಲ್ಡ್ ದಟ್ ಐ ವಿಲ್ ಕಮ್’ ಎಂಬ ತಪ್ಪು ಹುಟ್ಟುವುದು ಇದೇ ಸಂದಿಯಲ್ಲಿ. ಇದನ್ನು ಹದಿನೈದು ರೂಲು ಬರೆದು ಸರಿಪಡಿಸಲಾಗದು. ಹೇಳಲೇಬೇಕು ಅನ್ನಿಸುವ ಒಂದು ಸುದ್ದಿ ಕೊಟ್ಟರೆ ಸರಿಹೋದೀತು.

ಹಾಗಂತ ಜೋಡಿ ಮಾಡಿ ಕೂರಿಸಿ, ‘ಅವಳು ಏನು ಹೇಳಿದಳು?’ ಅಂತ ಪಕ್ಕದವನನ್ನು ಕೇಳಿದರೆ ‘ಅವಳನ್ನೇ ಕೇಳಿ, ಇಲ್ಲೇ ಇದ್ದಾಳಲ್ಲ’ ಎಂಬ ಉತ್ತರ ಬರುತ್ತದೆ. ಉದ್ಧಟತನದಂತೆ ಕೇಳಿಸಿದರೂ ತರ್ಕದಲ್ಲಿ ತಪ್ಪಿಲ್ಲ. ಕೇಳುವವನಿಗೆ ಗೊತ್ತಿಲ್ಲದ್ದು ಏನಾದರೂ ಇದ್ದರೆ ತಾನೇ ವರದಿ?

ಆದ್ದರಿಂದ ಮೂವರ ಗುಂಪು. ಮೂರನೆಯವನು ಬಾಗಿಲ ಹೊರಗೆ. ಒಂದನೆಯವಳ ಕೈಗೆ ಒಂದು ಚೀಟಿ. ಅದರಲ್ಲಿ, ಎಲ್ಲೂ ಇಲ್ಲದ ಸೀರಿಯಲ್ಲಿನ ಎಲ್ಲೂ ಇಲ್ಲದ ನಾಯಕಿ ಆಡಿದ ಎಂಟು ಮಾತು: ಬೇರೆ ಬೇರೆ ಟೆನ್ಸಿನ ನಾಲ್ಕು ಹೇಳಿಕೆ, ಎರಡು ಪ್ರಶ್ನೆ, ಒಂದು ಭರವಸೆ, ಒಂದು ಅಪ್ಪಣೆ. ‘ಐ ಆಮ್ ಲೀವಿಂಗ್ ಹಿಮ್.’ ‘ಡಿಡ್ ಯು ಸೀ ದ ರಿಂಗ್?’ ಹೀಗೆ. ಅವಳು ನಾಯಕಿಯಾಗಿ ಐದು ನಿಮಿಷ ಗೋಳು ಹೇಳಿಕೊಳ್ಳುತ್ತಾಳೆ, ಎರಡನೆಯವನು ಕೇಳಿಸಿಕೊಳ್ಳುತ್ತಾನೆ, ಆಮೇಲೆ ಹೊರಗಿದ್ದವನನ್ನು ಕರೆದು ಎಲ್ಲ ಒಪ್ಪಿಸುತ್ತಾನೆ. ಬಂದವನ ಕೈಯಲ್ಲಿ ನಾಲ್ಕು ಖಾಲಿ ಜಾಗದ ಒಂದು ಹಾಳೆ ಇರಲಿ: ಯಾರು ಯಾರನ್ನು ಬಿಟ್ಟರು, ಯಾವಾಗ, ಯಾಕೆ, ಉಂಗುರ ಎಲ್ಲಿ. ತುಂಬಬೇಕಾದ ಜಾಗ ಇದ್ದರೆ ಕಿವಿ ತಾನಾಗಿ ತೆರೆಯುತ್ತದೆ.

ಚೀಟಿಯನ್ನು ಮಾತ್ರ ವರದಿಗೆ ಮೊದಲೇ ವಾಪಸ್ ಕಿತ್ತುಕೊಳ್ಳಿ. ಕೈಯಲ್ಲಿ ಉಳಿದರೆ ಅದನ್ನೇ ಓದಿ ‘ಐ’ ಇದ್ದಲ್ಲಿ ‘ಶಿ’ ಹಾಕಿ ಮುಗಿಸುತ್ತಾರೆ. ತರಗತಿಯವರದೇ ಪ್ರೇಮ ಪ್ರಕರಣಗಳನ್ನೂ ಚೀಟಿಗೆ ಏರಿಸಬೇಡಿ. ಗ್ರಾಮರ್ ಬರುವ ಮೊದಲು ಕಣ್ಣೀರು ಬರುತ್ತದೆ, ಆಮೇಲೆ ಪೋಷಕರು ಬರುತ್ತಾರೆ.

ಇನ್ನು ಆ ಅಪ್ಪಣೆ. ಅದು ‘ಡೋಂಟ್ ಟೆಲ್ ಎನಿವನ್’ ಆಗಿರಲಿ, ಬೇರೆ ಯಾವುದೂ ಬೇಡ. ಉಳಿದ ಏಳರಲ್ಲಿ ಎಡವಿದವನೂ ಇದರಲ್ಲಿ ಎಡವುವುದಿಲ್ಲ: ‘ಶಿ ಟೋಲ್ಡ್ ಮಿ ನಾಟ್ ಟು ಟೆಲ್ ಎನಿವನ್.’ ‘ನಾಟ್’ ಮೊದಲೋ ‘ಟು’ ಮೊದಲೋ ಎಂದು ಬೋರ್ಡಿನ ಮೇಲೆ ಬಾಣ ಎಳೆದೆಳೆದು ಕೈ ಸೋತದ್ದೆಲ್ಲ ಇಲ್ಲಿ ತನ್ನಷ್ಟಕ್ಕೆ ಸಾಲಿಗೆ ನಿಲ್ಲುತ್ತದೆ. ಈ ವಾಕ್ಯದ ಸೊಗಸು ನೋಡಿ: ಇದನ್ನು ಮುರಿಯದೆ ಹೇಳಲಿಕ್ಕೇ ಬರುವುದಿಲ್ಲ. ಬಾಯಿಗೆ ಬಂದಿತೆಂದರೆ ಮಾತು ಆಗಲೇ ತಪ್ಪಿತು. ಹೇಳುವ ಮೊದಲು ದನಿ ತಗ್ಗುತ್ತದೆ, ಕುರ್ಚಿ ನಾಲ್ಕಿಂಚು ಹತ್ತಿರ ಸರಿಯುತ್ತದೆ, ಕಣ್ಣು ಒಮ್ಮೆ ಬಾಗಿಲ ಕಡೆ ಹೋಗಿ ಬರುತ್ತದೆ. ಕೇಳಿಸಿಕೊಂಡವನು ‘ನನ್ನ ಮೇಲೆ ನಂಬಿಕೆ ಇಡು’ ಎಂದು ತಲೆಯಾಡಿಸಿ ಪಕ್ಕದ ಗುಂಪಿಗೆ ಎದ್ದು ಹೋಗಿ, ಅದನ್ನೇ ಅಷ್ಟೇ ಶುದ್ಧವಾಗಿ ಹೇಳುತ್ತಾನೆ. ಪೀರಿಯಡ್ ಮುಗಿಯುವಷ್ಟರಲ್ಲಿ ಯಾರಿಗೂ ಹೇಳಬಾರದ್ದು ಎಲ್ಲರಿಗೂ ಗೊತ್ತು, ‘ನಾಟ್ ಟು ಟೆಲ್’ ಎಂಬ ನೆಗೆಟಿವ್ ಇನ್ಫಿನಿಟಿವ್ ಸಮೇತ.

‘ಟುಮಾರೋ’ದ ತೊಂದರೆ ಬೇರೆ. ಅದು ‘ದ ನೆಕ್ಸ್ಟ್ ಡೇ’ ಆಗುತ್ತದೆ ಎಂದು ಪುಸ್ತಕ ಹೇಳುತ್ತದೆ. ಐದು ನಿಮಿಷದ ಹಿಂದೆ ಕೇಳಿದ್ದನ್ನು ಈಗಲೇ ಹೇಳುವಾಗ ನಾಳೆ ಇನ್ನೂ ನಾಳೆಯೇ. ಆಗ ‘ಟುಮಾರೋ’ ಎಂದು ಉಳಿಸಿದ ಮಗು ಸರಿ, ಅದರ ಮೇಲೆ ಕೆಂಪು ಗೀಟು ಎಳೆಯುವ ಉತ್ತರದ ಕೀ ತಪ್ಪು. ‘ಶಿ ಸೆಡ್ ಶಿ ಈಸ್ ಲೀವಿಂಗ್ ಹಿಮ್’ ಕೂಡ, ಅವಳು ಇನ್ನೂ ಬಿಟ್ಟು ಹೋಗುವುದರಲ್ಲಿದ್ದರೆ, ಸರಿಯೇ. ಕೀ ತಯಾರಿಸುವವರಿಗೆ ಇದನ್ನು ಯಾರು ರಿಪೋರ್ಟ್ ಮಾಡಬೇಕೋ! ಒಂದು ಉಪಾಯವಿದೆ: ಗೋಳಿನ ಭಾಗವನ್ನು ಶುಕ್ರವಾರ ಮುಗಿಸಿ, ವರದಿಯನ್ನು ಸೋಮವಾರಕ್ಕೆ ಇಡುವುದು. ಅಷ್ಟರಲ್ಲಿ ಆ ನಾಳೆ ನಿಜವಾಗಿ ಕಳೆದುಹೋಗಿರುತ್ತದೆ, ‘ದ ನೆಕ್ಸ್ಟ್ ಡೇ’ಗೆ ರೂಲಿನ ದೊಣ್ಣೆ ಬೇಕಾಗುವುದಿಲ್ಲ.

ಭೂತಕಾಲ ಯಾಕೆ ಎಂದು ಕೇಳುವವರಿಗಾಗಿ ಎರಡು ಗುಂಪಿನ ಚೀಟಿಯಲ್ಲಿ ಒಂದೇ ಒಂದು ವಿವರ ಬೇರೆ ಇಡಿ. ಇಲ್ಲಿ ನಾಯಕಿಗೆ ಜ್ವರ, ಅಲ್ಲಿ ಅವಳು ಶೂಟಿಂಗಿನಲ್ಲಿ. ತಾಳೆ ನೋಡುವಾಗ ‘ಶಿ ಸೆಡ್ ಶಿ ವಾಸ್ ಇಲ್’ ಎಂಬುದರಲ್ಲಿನ ‘ವಾಸ್’ ತಾನಾಗಿ ಹುಬ್ಬೇರಿಸುತ್ತದೆ: ಹಾಗೆ ಅಂದದ್ದು ಅವಳು, ನಿಜವೋ ಅಲ್ಲವೋ ನನಗೆ ಬೇಡ.

‘ವುಡ್’ ಬಂದಾಗ ಮಾತ್ರ ಗಲಾಟೆ ಸ್ವಲ್ಪ ಇಳಿಯುವುದುಂಟು. ‘ಹಿ ಸೆಡ್ ಹಿ ವುಡ್ ಕಾಲ್.’ ಕರೆ ಬಂತೋ ಇಲ್ಲವೋ ವಾಕ್ಯ ಹೇಳುವುದಿಲ್ಲ, ಆದರೆ ಕೇಳಿದವರೆಲ್ಲ ಬರಲಿಲ್ಲ ಎಂದೇ ತಿಳಿಯುತ್ತಾರೆ. ಹೊರಟು ಹೋದ ಎಷ್ಟೋ ಜನರನ್ನು ನಾವು ನೆನೆಯುವುದು ಇದೇ ವ್ಯಾಕರಣದಲ್ಲಿ. ಇದನ್ನು ಹೆಚ್ಚು ಹೊತ್ತು ಬೋರ್ಡಿನ ಮೇಲೆ ಬಿಡಬಾರದು, ಪ್ರಶ್ನೆವಾಕ್ಯಗಳಿಗೆ ದಾಟಬೇಕು.

ಅಲ್ಲಿ ‘ಆಸ್ಕ್ಡ್ ದಟ್ ವೇರ್ ಈಸ್ ದ ರಿಂಗ್’ ಕಾದು ಕೂತಿರುತ್ತದೆ. ‘ದಟ್’ ಬೇಡ, ‘ವೇರ್ ದ ರಿಂಗ್ ವಾಸ್’ ಎಂದು ಸಾದಾ ವಾಕ್ಯದ ಸಾಲು ಸಾಕು. ಪ್ರಶ್ನೆ ‘ಡಿಡ್’ನಿಂದಲೇ ಶುರುವಾದರೆ ಅದನ್ನು ಕಿತ್ತು ‘ಇಫ್’ ಹಾಕಬೇಕು. ‘ಸೆಡ್ ಮಿ’, ‘ಸಜೆಸ್ಟೆಡ್ ಮಿ ಟು ಗೋ’ ಇವೆರಡು ಕಳೆಯಂತೆ, ಎಷ್ಟು ಕಿತ್ತರೂ ಮುಂದಿನ ವಾರ ಚಿಗುರುತ್ತವೆ.

ಕೊನೆಗೆ, ಉಪ್ಪುಖಾರ ಹಚ್ಚುವವನು. ಎಲ್ಲ ತರಗತಿಯಲ್ಲೂ ಒಬ್ಬನಿರುತ್ತಾನೆ. ಚೀಟಿಯಲ್ಲಿ ಒಂದು ಉಂಗುರವಿದ್ದರೆ ಇವನ ವರದಿಯಲ್ಲಿ ಮೂರು ಉಂಗುರ, ಒಂದು ಪೊಲೀಸ್ ಜೀಪು, ನಾಯಕನಿಗೊಬ್ಬ ಅವಳಿ ತಮ್ಮ. ಟೆನ್ಸ್ ಸರಿ, ಪ್ರೊನೌನ್ ಸರಿ, ವಿಷಯ ಪೂರ್ತಿ ಸುಳ್ಳು. ಪೂರ್ತಿ ಮಾರ್ಕ್ಸ್ ಕೊಡದೆ ವಿಧಿಯಿಲ್ಲ. ಒಂದನೆಯವಳು ‘ಐ ಡಿಂಟ್ ಸೇ ದಟ್!’ ಎಂದು ಚೀರುತ್ತಾ ಎದ್ದು ನಿಲ್ಲುತ್ತಾಳೆ. ಜಗಳ ಬಿಡಿಸಲು ಅವಸರ ಬೇಡ. ‘ಶಿ ಡಿನೈಡ್ ಸೇಯಿಂಗ್ ಇಟ್’ ಎಂದು ಬೋರ್ಡಿನ ಮೇಲೆ ಬರೆದ ಮೇಲೆ ಬಿಡಿಸಿದರಾಯಿತು.