ಕಾಡಿನ ಸಂತೆ

ಮಕ್ಕಳ ಚಿತ್ರಪುಸ್ತಕಗಳ ಕಾಡಿನಲ್ಲಿ ಆಗಾಗ ಸಂತೆ ನೆರೆಯುತ್ತದೆ. ಕರಡಿ ಜೇನಿನ ಗಡಿಗೆಯನ್ನು ಮುಂದಿಟ್ಟುಕೊಂಡು ಕುಳಿತಿರುತ್ತದೆ, ಮಂಗ ಬಾಳೆಗೊನೆಯನ್ನು ಕೊಂಬೆಗೆ ತೂಗುಹಾಕಿರುತ್ತದೆ, ಮೊಲದ ಮುಂದಿನ ಗಜ್ಜರಿಯ ರಾಶಿ ಯಾರ ಹೊಲದ್ದೆಂದು ಒಬ್ಬರೂ ವಿಚಾರಿಸುವುದಿಲ್ಲ. ಅಲ್ಲಿ ಮರದ ಎಲೆಯೇ ನೋಟು. ಹಣ ಗಿಡದಲ್ಲೇ ಬೆಳೆಯುವ ಊರಿಗೆ ಬಡತನ ಎಲ್ಲಿಂದ ಬರಬೇಕೋ ತಿಳಿಯದು. ಆದರೂ ಎರಡು ಪುಟ ತಿರುಗಿಸುವಷ್ಟರಲ್ಲಿ ಒಂದು ಅಳಿಲು ಬರಿಗೈಯಲ್ಲಿ ಅಳುತ್ತಾ ನಿಂತಿರುತ್ತದೆ. ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕಾದ ಆನೆ ಒಂದೇ ಒಂದು ಬಾಳೆಹಣ್ಣು ಕೊಂಡು, ಸೊಂಡಿಲೆತ್ತಿ ನಮಸ್ಕರಿಸಿ, ತೃಪ್ತಿಯಿಂದ ಮನೆಗೆ ಹೋಗುತ್ತದೆ. ಹುಲಿಯೂ ಕೈಚೀಲ ಹಿಡಿದು ಬಂದಿರುತ್ತದೆ. ಅದು ಏನನ್ನು ಕೊಳ್ಳಲು ಬಂದಿದೆ ಎಂದು ಮಗು ಕೇಳುವುದರೊಳಗೆ ಪುಟ ತಿರುಗಿಸುವುದು ಓದಿ ಹೇಳುವ ದೊಡ್ಡವರ ಜಾಣತನ.

ಇದೆಲ್ಲ ನನಗೆ ಪ್ರಿಯವೇ. ನನ್ನ ತಕರಾರು ಬೇರೆ. ಈ ಸಂತೆಯಲ್ಲಿ ಬೆಲೆ ಹೇಳಿದವನು ಜಿಪುಣ, ಪುಕ್ಕಟೆ ಕೊಟ್ಟವನು ದಯಾಳು. ಆದರೆ ಕತೆ ಬರೆದವರಿಗೇ ಆ ಪುಕ್ಕಟೆ ಸಹಿಸುವುದಿಲ್ಲವೇನೋ, ದಯಾಳುವಿನ ಬಾಕಿಯನ್ನು ಕೊನೆಯ ಪುಟದಲ್ಲಿ ಬಡ್ಡಿ ಸಮೇತ ತೀರಿಸಿಬಿಡುತ್ತಾರೆ. ವ್ಯಾಪಾರವನ್ನು ಬೈಯುತ್ತಲೇ ಲೆಕ್ಕ ಚುಕ್ತಾ ಮಾಡುವ ಈ ಪರಿ ನನಗೆ ಅಷ್ಟಾಗಿ ಹಿಡಿಸದು.

ನಿಜವಾದ ಕಾಡಿನಲ್ಲಿ ಕೊಡುಕೊಳ್ಳುವಿಕೆಗೆ ಇಷ್ಟು ಸಂಕೋಚವಿಲ್ಲ. ಬಂಡೀಪುರ, ನಾಗರಹೊಳೆಗಳಲ್ಲಿ ಮುಸುವಗಳು ಮರದ ಮೇಲೆ ಕುಳಿತು ಚಿಗುರನ್ನೂ ಕಾಯನ್ನೂ ಅರ್ಧ ತಿಂದು ಅರ್ಧ ಚೆಲ್ಲುತ್ತಿದ್ದರೆ, ಕೆಳಗೆ ಚುಕ್ಕೆ ಜಿಂಕೆಗಳು ಕತ್ತು ಚಾಚಿ ಅದನ್ನು ಆರಿಸಿಕೊಳ್ಳುತ್ತಿರುತ್ತವೆ. ಎತ್ತರದಲ್ಲಿರುವ ಮುಸುವಕ್ಕೆ ಹುಲಿ ದೂರದಿಂದಲೇ ಕಾಣುತ್ತದೆ, ನೆಲದ ಮೇಲಿನ ಜಿಂಕೆಗೆ ವಾಸನೆ ಸಿಗುತ್ತದೆ. ಒಂದರ ಕೂಗಿಗೆ ಇನ್ನೊಂದು ಎಚ್ಚರಗೊಳ್ಳುತ್ತದೆ. ಮುಸುವ ದಾನಿಯೇನಲ್ಲ, ಊಟದಲ್ಲಿ ಶುದ್ಧ ಅಶಿಸ್ತಿನ ಪ್ರಾಣಿ, ಅಷ್ಟೆ. ಆ ಅಶಿಸ್ತಿನಿಂದಲೇ ಜಿಂಕೆಯ ಹೊಟ್ಟೆ ತುಂಬುತ್ತದೆ.

ಪಂಚತಂತ್ರಕ್ಕೂ ಈ ಸಂಕೋಚವಿರಲಿಲ್ಲ. ಬಲೆಗೆ ಬಿದ್ದ ಪಾರಿವಾಳಗಳನ್ನು ಇಲಿ ಬಿಡಿಸಿದ್ದನ್ನು ಕಂಡ ಕಾಗೆ, ತನಗೂ ಅಂಥ ಗೆಳೆಯ ಬೇಕೆಂದು ಬಿಲದ ಬಾಗಿಲಿಗೆ ಹೋಗುತ್ತದೆ. ಇಲಿ ಹೊರಗೆ ಬರುವುದಿಲ್ಲ. ನೀನು ತಿನ್ನುವವನು, ನಾನು ನಿನ್ನ ತಿನಿಸು, ನಮ್ಮಿಬ್ಬರಿಗೆ ಎಂಥ ಸ್ನೇಹ ಎಂದು ಒಳಗಿನಿಂದಲೇ ವಾದಿಸುತ್ತದೆ. ಚಿತ್ರಪುಸ್ತಕವಾದಾಗ ಈ ಉದ್ದನೆಯ ವಾದ ಸಾಮಾನ್ಯವಾಗಿ ಒಂದು ಅಪ್ಪುಗೆಗೆ ಇಳಿದುಹೋಗುತ್ತದೆ. ಮೂಲದಲ್ಲಾದರೋ, ನಂಬಿಕೆ ಕುದುರಿದ ಮೇಲೆ ಕಾಗೆ ಇಲಿಗೆ ಮಾಂಸದ ತುಣುಕು ತರುತ್ತದೆ, ಇಲಿ ಕಾಗೆಗೆಂದು ಕಾಳು ಕೂಡಿಡುತ್ತದೆ. ಕೊಡುವುದು, ತೆಗೆದುಕೊಳ್ಳುವುದು, ಗುಟ್ಟು ಹೇಳುವುದು, ಕೇಳುವುದು, ಉಣ್ಣುವುದು, ಉಣಿಸುವುದು, ಈ ಆರೂ ಪ್ರೀತಿಯ ಲಕ್ಷಣಗಳೆಂದು ಅಲ್ಲಿಯೇ ಒಂದು ಶ್ಲೋಕವಿದೆ. ತೆಗೆದುಕೊಳ್ಳುವುದಕ್ಕೂ ಆ ಪಟ್ಟಿಯಲ್ಲಿ ಕೊಡುವುದರ ಪಕ್ಕದಲ್ಲೇ ಜಾಗ ಸಿಕ್ಕಿರುವುದು ನನಗೆ ಬಹಳ ಮೆಚ್ಚಿಗೆ. ಇಲಿಯೊಂದು ಕಾಗೆಯ ಕೊಕ್ಕಿನಿಂದ ಮಾಂಸವನ್ನು ಪಡೆದು, ಬೇಡವೆನ್ನದೆ ಚಪ್ಪರಿಸಿ ತಿನ್ನುವ ಪುಟವನ್ನು ಯಾರಾದರೂ ಚಿತ್ರಕಾರರು ಬರೆದರೆ, ಆ ಪುಸ್ತಕವನ್ನು ನಾನು ಬೆಲೆ ನೋಡದೆ ಕೊಳ್ಳುತ್ತೇನೆ.