ಕಾವಲಿಯಿಂದ ದೂರ ಒಯ್ದ ದೋಸೆ

ನಿನ್ನೆ ರಾತ್ರಿಯ ಸಿಟ್ಟು ಇವತ್ತು ಬೆಳಗ್ಗೆಯೂ ಇಳಿದಿಲ್ಲ, ಅದಕ್ಕೇ ಬರೀತಿದೀನಿ. ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ಗೆಳೆಯನ ಕಂಪನಿಗೆ ಹೊರಗಿನಿಂದ ಒಂದಷ್ಟು ಜನ ಬಂದಿದ್ದರು. ನಮ್ಮೂರು ದಾವಣಗೆರೆಯ ಊಟ ತೋರಿಸಬೇಕು, ನೀನೂ ಬಾ ಅಂತ ಕರೆದ. ಕರಕೊಂಡು ಹೋಗಿದ್ದು ಒಂದು ದೊಡ್ಡ ಹೋಟೆಲಿಗೆ. ಅಲ್ಲಿ ಪ್ರವಾಸಿಗರಿಗೆ ಅಂತಲೇ ದಾವಣಗೆರೆ ವಿಶೇಷ ರಾತ್ರಿಯೂಟ ಶುರು ಮಾಡಿದ್ದಾರೆ, ತಲೆಗೆ ಸಾವಿರಾರು ರೂಪಾಯಿ. ಮಂದ ದೀಪ, ಬಿಳಿ ಕೈಗವಸು ಹಾಕಿದ ಹುಡುಗರು. ಗಾಜಿನ ಗುಮ್ಮಟ ಮುಚ್ಚಿದ ತಟ್ಟೆ ತಂದಿಟ್ಟು ಎಲ್ಲರ ಮುಂದೆ ಒಟ್ಟಿಗೇ ಎತ್ತಿದರು. ಒಳಗಿಂದ ಹೊಗೆ ಬಂತು. ಒಲೆಯ ಹೊಗೆ ಅಲ್ಲ, ಯಂತ್ರದಿಂದ ಊದಿ ತುಂಬಿಸಿದ್ದು. ಅದರಡಿ ಅಂಗೈಗಿಂತ ಚಿಕ್ಕದೊಂದು ಬೆಣ್ಣೆದೋಸೆ, ಮೇಲೆ ಗುಂಡಗೆ ಕೊರೆದಿಟ್ಟ ಬೆಣ್ಣೆ, ಬೆಣ್ಣೆಯ ನೆತ್ತಿಗೆ ಚಿನ್ನದ ರೇಕು. ಬೆಣ್ಣೆ ಕರಗಿರಲಿಲ್ಲ. ಬೆಣ್ಣೆ ಕರಗಿಲ್ಲ ಅಂದಮೇಲೆ ದೋಸೆ ಹೇಗಿತ್ತು ಅಂತ ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಬಂದವರಲ್ಲಿ ಒಬ್ಬರು ಹಿರಿಯ ಹೆಂಗಸು. ಬಹಳ ಮರ್ಯಾದೆಯಿಂದಲೇ ನನ್ನ ಕಡೆ ತಿರುಗಿ, "ಇದಕ್ಕೇನಾ ಇಷ್ಟು ಹೆಸರು?" ಅಂತ ಕೇಳಿದರು. ಅವರದೇನೂ ತಪ್ಪಿಲ್ಲ. ತಟ್ಟೆಯಲ್ಲಿ ಇದ್ದದ್ದನ್ನು ತಿಂದು ಕೇಳಿದರು. ನನಗೆ ಗಂಟಲು ಕಟ್ಟಿತು. ಉತ್ತರ ಹೇಳೋಕಾಗದೆ ಕೈ ತೊಳೆಯೋ ನೆಪದಲ್ಲಿ ಎದ್ದುಹೋದೆ.

ನಾನು ಮಂಡಕ್ಕಿ ಹುರಿಯೋ ಭಟ್ಟಿಗಳ ಪಕ್ಕದ ಓಣಿಯಲ್ಲಿ ಬೆಳೆದವನು ಅಂತ ಇಲ್ಲಿರೋ ಬಹುತೇಕರಿಗೆ ಗೊತ್ತು. ಊರಿನ ತಿಂಡಿ ವಿಷಯ ಬಂದರೆ ನನಗೆ ಮೂಗಿನ ತುದಿಯಲ್ಲೇ ಕೋಪ ಅನ್ನೋದೂ ಗೊತ್ತು. ಆದರೆ ಬೆಲೆ ನೋಡಿ ಸಿಟ್ಟಾದೆ ಅಂದುಕೋಬೇಡಿ. ದುಬಾರಿ ಆಗಿದ್ದಕ್ಕೆ ನನ್ನ ತಕರಾರಿಲ್ಲ. ದೋಸೆಯನ್ನ ಕಾವಲಿಯಿಂದ ದೂರ ಮಾಡಿದ್ದಕ್ಕೆ ನನ್ನ ತಕರಾರು.

ಬೆಣ್ಣೆದೋಸೆ ಹುಟ್ಟಿದ್ದು ಹೇಗೆ? ಊರಲ್ಲಿ ಎಲ್ಲರೂ ಹೇಳೋ ಕತೆ ಇದು. 1928ರ ಹೊತ್ತಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನ ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ ನಾಟಕದ ಥಿಯೇಟರ್ ಹತ್ತಿರ ರಾಗಿ ದೋಸೆ ಹುಯ್ದು ಮಾರೋಕೆ ಶುರು ಮಾಡಿದರು. ಮುಂದೆ ಅವರ ಮಕ್ಕಳ ಕೈಯಲ್ಲಿ ರಾಗಿ ಹೋಗಿ ಅಕ್ಕಿ, ಉದ್ದು, ಮಂಡಕ್ಕಿ ಬಂತು, ಬೆಣ್ಣೆ ಬಂತು. ನಾಟಕ ನೋಡೋಕೆ ಬಂದ ಜನ ಒಲೆ ಮುಂದೆ ನಿಂತು, ಕಾವಲಿಯಿಂದ ಎದ್ದದ್ದು ಎದ್ದ ಹಾಗೇ ತಿಂದ ತಿಂಡಿ ಇದು. ಕಾಯಿಸಿಟ್ಟು ಬಡಿಸೋ ಪದಾರ್ಥವಾಗಿ ಇದು ಯಾವತ್ತೂ ಇರಲಿಲ್ಲ.

ಒಳ್ಳೆ ದೋಸೆ ಮಾಸ್ಟರ್ ಒಬ್ಬರ ಪಕ್ಕ ನಿಂತು ನೋಡಿ. ಕಾದ ಕಾವಲಿಗೆ ನೀರು ಚಿಮುಕಿಸಿ ಕಡ್ಡಿ ಪೊರಕೆಯಿಂದ ಗುಡಿಸ್ತಾರೆ. ಆ ಚುಂಯ್ ಶಬ್ದದಲ್ಲೇ ಕಾವು ಎಷ್ಟಿದೆ ಅಂತ ಅವರಿಗೆ ತಿಳಿಯುತ್ತೆ. ಹಿಟ್ಟು ಹುಯ್ದು, ಮಸಾಲೆ ದೋಸೆ ಥರ ಎಳೆದು ತೆಳ್ಳಗೆ ಮಾಡದೆ, ದಪ್ಪ ಇರೋ ಹಾಗೆ ಒಂದೆರಡು ಸುತ್ತು ತಿರುಗಿಸಿ ಬಿಡ್ತಾರೆ. ಮೇಲೆಲ್ಲ ಕಣ್ಣು ಬಿಡುತ್ತೆ. ಆಗ ಬೆರಳಲ್ಲೇ ಬೆಣ್ಣೆ ಮುದ್ದೆ ಕಿತ್ತು ಅಲ್ಲೊಂದು ಇಲ್ಲೊಂದು ಹಾಕ್ತಾರೆ, ಅದು ಕರಗಿ ಆ ಕಣ್ಣುಗಳಲ್ಲಿ ಇಳಿಯುತ್ತೆ. ಸೌದೆ ಒಲೆಯಾದರೆ ಒಂದು ಕೊಳ್ಳಿ ಹಿಂದಕ್ಕೆಳೆದು ಉರಿ ತಗ್ಗಿಸ್ತಾರೆ. ತಳ ಕೆಂಪಗಾಗಿ ಗರಿ ಹಿಡಿದಿರುತ್ತೆ, ಹಿಟ್ಟಿಗೆ ಮಂಡಕ್ಕಿ ರುಬ್ಬಿರೋದಕ್ಕೆ ಹೊಟ್ಟೆಭಾಗ ಹತ್ತಿಯ ಹಾಗೆ ಮೆತ್ತಗಿರುತ್ತೆ. ಪಕ್ಕದಲ್ಲಿ ಅರಿಶಿನ ಹಾಕದ ಬಿಳೀ ಆಲೂಗಡ್ಡೆ ಪಲ್ಯ, ನೀರಾದ ಕಾಯಿ ಚಟ್ನಿ. ಈ ಗರಿ ಮತ್ತು ಈ ಮೆತ್ತಗಿನದು ಎರಡೂ ಒಟ್ಟಿಗೆ ಇರೋದು ಕೆಲವೇ ನಿಮಿಷ. ಆಮೇಲೆ ಒಳಗಿನ ಹಬೆ ಗರಿಯನ್ನ ತಿಂದುಹಾಕುತ್ತೆ. ಅದಕ್ಕೆ ಗಾಜಿನ ಗುಮ್ಮಟ ಬೇರೆ ಮುಚ್ಚಿದರೆ? ಹಬೆಯನ್ನ ಕೂಡಿಹಾಕಿ ಕೈಯಾರೆ ಹಾಳು ಮಾಡಿದ ಹಾಗೆ. ಚಿನ್ನದ ರೇಕಿಗೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ, ಮೈಗೆ ಹತ್ತೋದೂ ಇಲ್ಲ. ಆ ದುಡ್ಡು ದೋಸೆಗೆ ಏನು ಮಾಡಿತು ಹೇಳಿ.

ಜಗತ್ತಿನ ದೊಡ್ಡ ದೊಡ್ಡ ಊಟಗಳನ್ನ ನೋಡಿಯಾದರೂ ಈ ಹೋಟೆಲಿನವರು ಕಲಿಯಬಾರದಾ? ಇಟಲಿಯ ಆಲ್ಬಾ ಊರಿನ ಬಿಳಿ ಟ್ರಫಲ್ ತಗೊಳ್ಳಿ. ಮಣ್ಣೊಳಗೆ ಮರದ ಬೇರಿನ ಹತ್ತಿರ ಬೆಳೆಯೋ ಅಣಬೆ ಅದು, ನಾಯಿ ಮೂಸಿ ಹುಡುಕಬೇಕು. ಬೆಲೆ ಕೇಳಿದರೆ ತಲೆ ತಿರುಗುತ್ತೆ. ಆದರೆ ಅದರ ವಾಸನೆ ಬಹಳ ದಿನ ನಿಲ್ಲಲ್ಲ ಅಂತ ತಿಳಿದವರು ಚಳಿಗಾಲದ ಹೊತ್ತಿಗೆ ಆ ಊರಿಗೇ ಹೋಗ್ತಾರೆ, ಬಿಸಿ ಅನ್ನದ ಮೇಲೋ ಶಾವಿಗೆಯ ಮೇಲೋ ಕಣ್ಣೆದುರೇ ಹಸಿಯಾಗಿ ಹೆರೆಸಿಕೊಂಡು ತಿಂತಾರೆ. ಮಾಲ್ಡೀವ್ಸ್‌ನಲ್ಲಿ ಸಮುದ್ರದ ಮೇಲ್ಮೈಯಿಂದ ಸುಮಾರು 5 ಮೀಟರ್ ಕೆಳಗೆ ಇಥಾ ಅನ್ನೋ ಊಟದ ಕೋಣೆ 2005ರಲ್ಲಿ ಶುರುವಾಯಿತು. ಹದಿನಾಲ್ಕೇ ಜನ ಕೂರೋ ಜಾಗ. ಅಲ್ಲೂ ಮೀನನ್ನ ತೊಟ್ಟಿಯಲ್ಲಿ ತಂದು ತೋರಿಸಲಿಲ್ಲ, ಮನುಷ್ಯರನ್ನ ಮೀನಿರೋ ಕಡೆ ಇಳಿಸಿದರು. ದುಡ್ಡು ಖರ್ಚಾಗಿದ್ದು ಹತ್ತಿರ ಹೋಗೋದಕ್ಕೆ.

ಉಲ್ಟಾ ನಡೆದರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ಇಂಡೋನೇಷ್ಯಾದ ಪುನುಗು ಬೆಕ್ಕಿನ ಕಾಫಿ. ಕಾಡಲ್ಲಿ ಓಡಾಡೋ ಬೆಕ್ಕು ಹಣ್ಣಾದ ಕಾಫಿ ಹಣ್ಣನ್ನೇ ಆರಿಸಿ ತಿನ್ನುತ್ತೆ, ಅದರ ಲದ್ದಿಯಲ್ಲಿ ಸಿಗೋ ಬೀಜದ ಕಾಫಿ ಅಪರೂಪ ಅಂತ ಹೆಸರಾಯಿತು. ಪ್ರವಾಸಿಗರು ಮುಗಿಬಿದ್ದರು. ಈಗ ಆ ಪ್ರಾಣಿಗಳನ್ನ ಹಿಡಿದು ಪಂಜರದಲ್ಲಿಟ್ಟು ಕಾಫಿ ಹಣ್ಣು ತಿನ್ನಿಸ್ತಾರೆ. ಕಾಡೂ ಹೋಯಿತು, ಆರಿಸೋದೂ ಹೋಯಿತು, ಉಳಿದದ್ದು ಬೆಲೆ ಮತ್ತು ಆ ಮೂಕಪ್ರಾಣಿಯ ಸಂಕಟ.

ಊಟದ ಮೇಜಲ್ಲಿ ಹೋಟೆಲಿನ ಕಡೆಯವರೊಬ್ಬರು ನನಗೆ ಸಮಜಾಯಿಷಿ ಕೊಟ್ಟರು. ಹೊರಗಿನವರು ಗಲ್ಲಿ ಹೋಟೆಲಿಗೆ ಬರಲ್ಲ ಸರ್, ಸ್ವಚ್ಛತೆ ಬೇಕು, ಕೂರೋಕೆ ಜಾಗ ಬೇಕು, ಹೆಂಗಸರಿಗೆ ಶೌಚಾಲಯ ಬೇಕು ಅಂತ. ಶೌಚಾಲಯದ ಮಾತನ್ನ ನಾನು ತಲೆಬಾಗಿ ಒಪ್ತೀನಿ. ನಮ್ಮ ಎಷ್ಟೋ ದೋಸೆ ಹೋಟೆಲುಗಳಲ್ಲಿ ಅದರ ಪಾಡು ನಾಚಿಕೆಯಾಗೋ ಹಾಗಿದೆ. ಹಾಗಾದರೆ ಅದನ್ನ ಕಟ್ಟಿಸಿ! ಒಳ್ಳೇ ಕುರ್ಚಿ ಹಾಕಿಸಿ, ಕುಡಿಯೋ ನೀರು ಇಡಿಸಿ. ಶೌಚಾಲಯ ಬೇಕು ಅಂದವರ ತಟ್ಟೆಗೆ ತಣ್ಣನೆ ದೋಸೆ ಯಾಕೆ ಬರಬೇಕು? ಈ ಎರಡಕ್ಕೂ ಏನು ಸಂಬಂಧ ಅಂತ ಕೇಳಿದೆ, ಉತ್ತರ ಬರಲಿಲ್ಲ.

ಇನ್ನು ಹೊರಗಿನವರು ಬರಲ್ಲ ಅನ್ನೋದು ಶುದ್ಧ ಸುಳ್ಳು. ಬ್ಯಾಂಕಾಕ್‌ನ ಜೇ ಫಾಯ್ ಅನ್ನೋ ಅಡುಗೆಯಾಕೆಗೆ 2017ರ ಕೊನೆಯಲ್ಲಿ, ಒಳ್ಳೇ ಹೋಟೆಲುಗಳಿಗೆ ಕೊಡೋ ಮಿಶೆಲಿನ್ ನಕ್ಷತ್ರ ಬಂದಾಗ ವಯಸ್ಸು 70 ದಾಟಿತ್ತು. ಬೀದಿ ಬದಿಯ ಅಂಗಡಿ, ಇದ್ದಿಲ ಒಲೆ, ಬೆಂಕಿಯ ಝಳಕ್ಕೆ ಕಣ್ಣಿಗೆ ದಪ್ಪ ಕನ್ನಡಕ. ಏಡಿ ಆಮ್ಲೆಟ್‌ನ ಬೆಲೆ ಆಗ ಅಲ್ಲಿಯ ದುಡ್ಡಲ್ಲಿ ಸಾವಿರ ಬಾತ್ ಆಸುಪಾಸು ಇತ್ತು. ಅದನ್ನ ತಿನ್ನೋಕೆ ಜಗತ್ತಿನ ಮೂಲೆಮೂಲೆಯಿಂದ ಬಂದವರು ಫುಟ್‌ಪಾತ್ ಮೇಲೆ ಗಂಟೆಗಟ್ಟಲೆ ಕಾದರು. ಬೆಲೆ ಇಟ್ಟಿದ್ದು ಆಕೆ, ಒಲೆ ಮುಂದೆ ನಿಂತಿದ್ದು ಆಕೆ, ದುಡ್ಡು ಹೋಗಿದ್ದು ಆಕೆಯ ಗಲ್ಲಾಕ್ಕೆ. ಇಂಥ ದುಬಾರಿಗೆ ನಾನು ಎರಡೂ ಕೈಯೆತ್ತಿ ಮುಗೀತೀನಿ.

ನಮ್ಮಲ್ಲಿ ತೋರಿಸೋಕೆ ಏನು ಕಮ್ಮಿ ಇದೆ? ಚಳಿಗಾಲದಲ್ಲಿ ಹರಪನಹಳ್ಳಿ ಕಡೆಯ ನಮ್ಮ ನೆಂಟರ ಹೊಲಕ್ಕೆ ಸೀತನಿ ತಿನ್ನೋಕೆ ಹೋಗ್ತೀವಿ. ಹಾಲುಗಾಳು ಬಲಿತು ಇನ್ನೂ ಗಟ್ಟಿಯಾಗದ ಜೋಳದ ತೆನೆ, ಅದನ್ನ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಬಡಿದು ಕಾಳು ಉದುರಿಸಿ, ಮೊರದಲ್ಲಿ ಕೇರಿ, ಶೇಂಗಾ ಚಟ್ನಿ ಬೆಲ್ಲದ ಜೊತೆ ಬೊಗಸೆಯಲ್ಲಿ ಕೊಡ್ತಾರೆ. ಹೊಲದಲ್ಲಿ ಆ ಹದ ಇರೋದು ಬಹಳ ಕಮ್ಮಿ ದಿನ. ಒಂದು ವಾರ ತಡವಾದರೆ ಮುಂದಿನ ವರ್ಷವೇ ಗತಿ. ಆಲ್ಬಾದ ಟ್ರಫಲ್‌ಗಿಂತ ಇದು ಯಾವ ಲೆಕ್ಕದಲ್ಲಿ ಕಮ್ಮಿ ಅಪರೂಪ? ಚಳ್ಳಕೆರೆ ಕಡೆ ಹೋದರೆ ಹೊಲದಲ್ಲೇ ಕಿತ್ತ ಹಸಿ ಶೇಂಗಾ ಸುಟ್ಟು ತಿನ್ನಬಹುದು. ದುಡ್ಡಿರೋ ಪ್ರವಾಸಿಗರು ದುಡ್ಡು ಕೊಡಲಿ, ರೈತರಿಗೆ ಕೊಡಲಿ, ಚೆನ್ನಾಗೇ ಕೊಡಲಿ.

ಭಟ್ಟಿಗೂ ಕರಕೊಂಡು ಬನ್ನಿ. ಕಾದ ಮರಳಿಗೆ ಉಪ್ಪುನೀರು ಉಂಡ ಅಕ್ಕಿ ಬಿದ್ದ ಕೂಡಲೇ ಸರಸರ ಅರಳಿ ಬಾಣಲೆ ತುಂಬ ಬೆಳ್ಳಗಾಗೋದನ್ನ ನೋಡಲಿ. ಜರಡಿಯಲ್ಲಿ ಮರಳು ಸೋಸಿ ತೆಗೆದ ಬೆಚ್ಚನೆ ಮಂಡಕ್ಕಿಯನ್ನ ಅಲ್ಲೇ ಒಂದು ಹಿಡಿ ಬಾಯಿಗೆ ಹಾಕಿಕೊಳ್ಳಲಿ. ಅಲ್ಲಿಯ ಹೊಗೆಯನ್ನೂ ನೋಡಲಿ. ಟೈರು ಸುಟ್ಟು ಒಲೆ ಉರಿಸಿದ ಕಾಲದ ಹೊಗೆ ನನ್ನ ಎದೆಯಲ್ಲೂ ಇದೆ, ನಮ್ಮ ಓಣಿಯ ಎಷ್ಟೋ ಹೆಂಗಸರ ಎದೆಯಲ್ಲಿ ಇನ್ನೂ ಜಾಸ್ತಿ ಇದೆ. ನಮ್ಮಮ್ಮ ರಾತ್ರಿಯೆಲ್ಲ ಕೆಮ್ಮೋದನ್ನ ಕೇಳಿಕೊಂಡೇ ನಾನು ಓದಿದ್ದು. ಇದನ್ನ ಇಲ್ಲಿ ಹಿಂದೆ ಯಾವತ್ತೂ ಬರೆದಿಲ್ಲ. ನಿನ್ನೆ ಅದೇ ಮಂಡಕ್ಕಿಯನ್ನ ಬೆಳ್ಳಿ ಚಮಚದಲ್ಲಿ ನಾಲ್ಕು ಕಾಳು ಇಟ್ಟು ತಂದರು, ಯಾರು ಹುರಿದರು ಅಂತ ಒಬ್ಬರೂ ಹೇಳಲಿಲ್ಲ. ಒಂದು ತಲೆಯ ಊಟಕ್ಕೆ ತಗೊಳ್ಳೋ ದುಡ್ಡಲ್ಲಿ ಒಂದು ಪಾಲು ಹೊಗೆ ಇಲ್ಲದ ಒಲೆಗೆ ಹೋಗಿದ್ದರೆ ನಾನು ಈ ಪೋಸ್ಟ್ ಬರೀತಾನೇ ಇರಲಿಲ್ಲ.

ಆ ಹೋಟೆಲಿನ ಹಿಂದೆ ಎಷ್ಟು ದೊಡ್ಡ ಅಂಗಳ ಖಾಲಿ ಬಿದ್ದಿದೆ ಅಂದರೆ ಮದುವೆ ಮಾಡಬಹುದು. ಅಲ್ಲೊಂದು ಒಲೆ ಹೂಡಿ, ಕಾವಲಿ ಇಡಿ. ಊರಿನ ಮಾಸ್ಟರ್ ಒಬ್ಬರನ್ನ ಅವರು ಕೇಳಿದ ಸಂಬಳಕ್ಕೆ ಕರೆಸಿ, ಅವರ ಹೆಸರನ್ನ ಮೆನು ಮೇಲೆ ನಿಮ್ಮ ಹೋಟೆಲಿನ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಹಾಕಿ. ಬಂದವರ ಕುರ್ಚಿಯನ್ನ ಒಲೆಯ ಪಕ್ಕಕ್ಕೇ ಎಳೆದು ಕೂರಿಸಿ. ಆಮೇಲೆ ಬೆಲೆ ಎಷ್ಟಾದರೂ ಇಡಿ, ಜನರನ್ನ ನಾನೇ ಕರಕೊಂಡು ಬರ್ತೀನಿ.